ಐವತ್ತು ಲೀಟರ್ ಕಮ್ಮಿ

ಬಿ.ಜಿ. ಕೆರೆಯಲ್ಲಿ ದೊಡ್ಡ ಮನುಷ್ಯರೇ ಇಲ್ಲ ಎಂದು ಯಾರಾದರೂ ಹೇಳಿದರೆ, ನಾನು ಅವರ ಕೈ ಹಿಡಿದು ನಮ್ಮ ಎದುರು ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಮುರುಗೇಂದ್ರಪ್ಪ ಇದ್ದಾನೆ. ಮನೆಗೆ ಅಂಟಿಕೊಂಡಂತೆ ಅವನ ಮಂಡಕ್ಕಿ ಭಟ್ಟಿ. ಬೆಳಗಿನ ನಾಲ್ಕಕ್ಕೆ ಶೇಂಗಾ ಸಿಪ್ಪೆ ಸುರಿದು ಹೊತ್ತಿಸಿದರೆ ಮಧ್ಯಾಹ್ನದವರೆಗೂ ಬೆಂಕಿ ಆರುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಸರಿಯಾದ ದಾರಿಯಲ್ಲಿ ಹೋಗಿ ತಪ್ಪು ಉತ್ತರ ತರುವವರನ್ನು ಸಾವಿರ ಜನ ನೋಡಿದ್ದೇನೆ. ತಪ್ಪು ದಾರಿಯಲ್ಲಿ ಹೋಗಿ, ಎರಡು ಬೇಲಿ ಹಾರಿ, ಚಪ್ಪಲಿ ಕಳೆದುಕೊಂಡು, ಕೊನೆಗೆ ಸರಿಯಾದ ಉತ್ತರದ ಮುಂದೆ ಬಂದು ನಿಲ್ಲುವವನು ಇವನೊಬ್ಬನೇ. ಆದ್ದರಿಂದ ಅವನನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಆಮೇಲೆ ನಾನು ಅವನನ್ನು ಆಡಿಕೊಂಡೆ ಎನ್ನಬಾರದು. ನಡುವೆ ನಿಮಗೆ ನಗು ಬಂದರೆ ನಗಿ. ನನಗೂ ನಗಬೇಕೆನಿಸಿತ್ತು, ಆದರೆ ಆ ಹೊತ್ತಿಗೆ ನನ್ನ ಹೆಗಲು ಹಿಡಿದುಕೊಂಡಿತ್ತು.

ಇದೆಲ್ಲ ಶುರುವಾದದ್ದು ಚಳ್ಳಕೆರೆಯಲ್ಲಿ, ಅವನ ಮಗಳು ಪವಿತ್ರಳ ಸೀಮಂತದ ದಿನ. ಪವಿತ್ರಳನ್ನು ಕೊಟ್ಟಿರುವುದು ಅಲ್ಲಿನ ಎಣ್ಣೆ ಮಿಲ್ಲಿನ ಮನೆಗೆ. ಮೂರು ಬಚ್ಚಲು, ಮೂರಕ್ಕೂ ಗೀಸರ್, ಸಾಲದ್ದಕ್ಕೆ ಮಾಳಿಗೆಯ ಮೇಲೆ ಸೋಲಾರ್. ಊಟವಾಗಿ ಎಲೆ ಅಡಿಕೆ ತಟ್ಟೆ ಸುತ್ತು ಬರುತ್ತಿದ್ದಾಗ ಪವಿತ್ರಳ ಅತ್ತೆ ದ್ರಾಕ್ಷಾಯಣಮ್ಮ ಎಲ್ಲರಿಗೂ ಕೇಳಿಸುವಂತೆ ಒಂದು ಮಾತು ತೆಗೆದರು.

"ಬೀಗರೇ, ಮೊದಲನೇ ಬಾಣಂತನ ತವರುಮನೇದು. ಅದಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ಬಿಸಿನೀರಿಗೆ ನಿಮ್ಮ ಮನೇಲಿ ಏನು ವ್ಯವಸ್ಥೆ ಐತೆ?"

ಕೇಳಬೇಕಾದ ಪ್ರಶ್ನೆಯೇ. ಎರಡು ವರ್ಷದ ಹಿಂದೆ ಮುರುಗೇಂದ್ರಪ್ಪ ಹೊಸ ಮನೆ ಕಟ್ಟಿಸಿ, ಬಚ್ಚಲೊಲೆ ಒಡೆಸಿ, ಅವನ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಬಿಳಿ ಟೈಲ್ಸ್ ಮತ್ತು ಹತ್ತು ಲೀಟರಿನ ಒಂದು ಗೀಸರ್ ಹಾಕಿಸಿದ್ದ. ನಮ್ಮೂರಿನ ಕರೆಂಟು ತನಗೆ ಮನಸ್ಸು ಬಂದಾಗ ಬಂದು ಹೋಗುವಂಥದ್ದು. ಪ್ರಶ್ನೆ ಬಿದ್ದ ತಕ್ಷಣ ಅವನ ಹೆಂಡತಿ ಲಕ್ಷ್ಮೀದೇವಿ ಗಂಡನ ಮುಖ ನೋಡಿದಳು. ಹಂಡೆ ಹೋದ ದಿನದಿಂದ ಅವಳು ಅವನನ್ನು ನೋಡುವ ಒಂದು ನೋಟವಿದೆ. ಅದೇ ನೋಟ.

"ಏನೋ ಮಾಡ್ತೀವಿ ಬಿಡ್ರಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಮುಗಿಸುವ ಜಾತಿಯ ಮನುಷ್ಯ ಅವನಲ್ಲ. ಹಿಂದಿನ ವಾರವಷ್ಟೇ ದೊಡ್ಡಉಳ್ಳಾರ್ತಿ ಕಡೆಯ ಹೊಸ ಕ್ಯಾಂಪಸ್ಸೊಂದರ ಕ್ಯಾಂಟೀನಿಗೆ ಮಂಡಕ್ಕಿ ಚೀಲ ಹಾಕಿ ಬರಲು ಹೋಗಿದ್ದ. ಅಲ್ಲಿ ಹಿತ್ತಲಲ್ಲಿ ಕಂಡ ಯಂತ್ರವೊಂದರ ಹೆಸರು ಹೊತ್ತಲ್ಲದ ಹೊತ್ತಿನಲ್ಲಿ ನಾಲಿಗೆಗೆ ಬಂತು.

"ನಮ್ಮಲ್ಲಿ ಇನ್‌ಡೈರೆಕ್ಟ್ ಸಿಸ್ಟಮ್ ಅಕ್ಕಾರೇ," ಅಂದ.

ಎಲೆ ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಅದೇನೆಂದು ದ್ರಾಕ್ಷಾಯಣಮ್ಮನವರಿಗೆ ಗೊತ್ತಿರಲಿಲ್ಲ. ಮುರುಗೇಂದ್ರಪ್ಪನಿಗೂ ಗೊತ್ತಿರಲಿಲ್ಲ.

"ಹಂಗಂದ್ರೆ?"

"ನೀರು ಬೆಂಕೀನ ಕಣ್ಣಿಂದ ನೋಡೋದೇ ಇಲ್ಲ. ಆದ್ರೂ ಕಾಯ್ತೈತೆ."

ದ್ರಾಕ್ಷಾಯಣಮ್ಮ ಕೆಟ್ಟವರಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದರು. "ನನ್ನ ಬಾಣಂತನದಾಗೆ ನಮ್ಮ ತವರಲ್ಲಿ ಸೌದೆ ಹಸಿ ಇತ್ತು. ಕಾಯದ ನೀರೇ ಹಾಕಿದ್ರು. ಮೂವತ್ತು ವರ್ಷ ಆತು, ಸೊಂಟ ಇವತ್ತಿಗೂ ಹಿಡ್ಕೊಂಡೈತೆ. ನನ್ನ ಸೊಸೆಗೆ ಹಂಗಾಗ್ಬಾರ್ದು. ಮೊದಲನೇ ಎಣ್ಣೆನೀರಿನ ದಿನ ನಾನೇ ಬರ್ತೀನಿ, ನೀರಿಗೆ ಕೈ ಹಾಕಿ ನೋಡ್ತೀನಿ. ಸುಟ್ರೆ ಐದು ತಿಂಗಳು ಪವಿತ್ರ ನಿಮ್ಮಲ್ಲೇ ಇರ್ಲಿ. ಸುಡ್ಲಿಲ್ಲ ಅಂದ್ರೆ ಅವತ್ತೇ ತಾಯಿ ಮಗೂನ ಕಾರಲ್ಲಿ ಕೂರಿಸ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬ್ಯಾಡ್ರಿ."

ವಾಪಸ್ ಬರುವಾಗ ಬಸ್ಸು ತಳಕು ಊರು ದಾಟಿದ ಮೇಲೆ ಲಕ್ಷ್ಮೀದೇವಿ ಬಾಯಿ ಬಿಟ್ಟಳಂತೆ. ಆಡಿದ್ದು ಒಂದೇ ಮಾತು. "ಹಂಡೆ ಇದ್ದಿದ್ರೆ."

ಮರುದಿನ ಬೆಳಿಗ್ಗೆ ಅವನು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. "ಮೇಷ್ಟ್ರೇ, ಒಬ್ಳೇ ಮಗಳು. ಮೊಮ್ಮಗೂನ ಐದು ತಿಂಗಳು ಎತ್ಕೊಂಡು ಓಡಾಡ್ಬೇಕು ಅಂತಿದ್ದೆ," ಎಂದು ಕಟ್ಟೆಯ ಗಾರೆ ಕೆರೆಯತೊಡಗಿದ. ನಾಳೆಯೇ ದೊಡ್ಡಉಳ್ಳಾರ್ತಿಗೆ ಹೋಗಿ ಆ ಯಂತ್ರ ನೋಡೋಣ ಎಂದೆ.

ನಾಳೆ ಎಂದದ್ದು ನಿಜ, ಆದರೂ ಕೆಲಸ ಮೂರು ವಾರ ಮುಂದಕ್ಕೆ ಹೋಯಿತು. ಕೊನೆಗೆ ಒಂದು ಭಾನುವಾರ ಅವನ ಬೈಕಿನಲ್ಲಿ ಇಬ್ಬರೂ ದೊಡ್ಡಉಳ್ಳಾರ್ತಿಗೆ ಹೋದೆವು. ಕ್ಯಾಂಟೀನಿನ ಬಾಯ್ಲರ್ ನೋಡಿಕೊಳ್ಳುವ ಫಿಟ್ಟರ್ ಮಾರುತೇಶ ಒಳ್ಳೆಯ ಮನುಷ್ಯ. ಹಿತ್ತಲಿಗೆ ಕರೆದುಕೊಂಡು ಹೋಗಿ, ಟ್ಯಾಂಕಿನ ಮುಚ್ಚಳ ತೆಗೆದು ತೋರಿಸಿದ. ತಳದಲ್ಲಿ ತಾಮ್ರದ ಕೊಳವೆ ಚಕ್ಕುಲಿಯ ಹಾಗೆ ಸುತ್ತಿಕೊಂಡು ಕುಳಿತಿತ್ತು.

"ಬಾಯ್ಲರ್ ನೀರು ಬೇರೆ, ಮೈಗೆ ಸುರ್ಕೊಳ್ಳೋ ನೀರು ಬೇರೆ ಅಣ್ಣ. ಬಾಯ್ಲರ್ ನೀರು ಈ ಸುರುಳಿಯೊಳಗೆ ಬರ್ತೈತೆ, ತಳದಾಗೆ ಸುತ್ತಾಡ್ತೈತೆ, ತನ್ನ ಬಿಸಿ ಕೊಟ್ಟು ವಾಪಸ್ ಹೋಗ್ತೈತೆ. ಒಂದನ್ನೊಂದು ಮುಟ್ಟಲ್ಲ."

"ಬೀಗರು ಬಂದು ಹೋದಂಗೆ," ಅಂದ ಮುರುಗೇಂದ್ರಪ್ಪ. "ಬರೋದು, ಬಿಸಿ ಮುಟ್ಟಿಸೋದು, ಹೋಗೋದು."

ಮಾರುತೇಶನಿಗೆ ಅದು ಬಹಳ ಹಿಡಿಸಿತು. "ನಿಮಗೆ ಬಾಯ್ಲರ್ ಬ್ಯಾಡ ಬಿಡಣ್ಣ. ಭಟ್ಟಿ ಐತಲ್ಲ. ಅದರ ಹೊಗೆಗೂಡಿನಾಗೆ ಕಬ್ಬಿಣದ ಪೈಪ್ ಸುತ್ತಿದ್ರೆ ಆತು. ಸುಮ್ನೆ ಆಕಾಶಕ್ಕೆ ಹೋಗ್ತಿರೋ ಬಿಸಿ ಮನೆಗೆ ಬರ್ತೈತೆ."

ಇಪ್ಪತ್ತು ವರ್ಷದಿಂದ ಆ ಹೊಗೆಗೂಡನ್ನು ನಾನು ದಿನಾ ನೋಡುತ್ತಿದ್ದೇನೆ. ಅಷ್ಟು ಬಿಸಿ ಆಕಾಶಕ್ಕೆ ಹೋಗುತ್ತಿದೆ ಎಂದು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ. ಮುರುಗೇಂದ್ರಪ್ಪ ಬಾಯಿಗೆ ಬಂದದ್ದು ಹೇಳಿ ಸಿಕ್ಕಿಹಾಕಿಕೊಂಡದ್ದರಿಂದಲ್ಲವೇ ಇದು ಹೊಳೆದದ್ದು?

"ಟ್ಯಾಂಕ್ ಎಷ್ಟು ದೊಡ್ಡದು ತರ್ಬೇಕು?"

"ಅದೇ ಮುಖ್ಯ. ಅದಕ್ಕೆ ಎರಡು ಲೆಕ್ಕ ಐತೆ. ಒಂದನೇದು, ಭಾಳ ನೀರು ಬೇಕಾಗೋ ಒಂದು ಗಂಟೇಲಿ ಎಷ್ಟು ನೀರು ಖರ್ಚಾಗ್ತೈತೆ ಅನ್ನೋದು. ಎರಡನೇದು..."

ಅಷ್ಟರಲ್ಲಿ ಮುರುಗೇಂದ್ರಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಳಿಯ ಮಲ್ಲಿಕ್. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಪವಿತ್ರಳಿಗೆ ಹೆರಿಗೆಯಾಗಿತ್ತು, ಡಾಕ್ಟರು ಹೇಳಿದ ದಿನಕ್ಕಿಂತ ಹತ್ತು ದಿನ ಮೊದಲು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಮುರುಗೇಂದ್ರಪ್ಪ ಮಾರುತೇಶನನ್ನು ತಬ್ಬಿಕೊಂಡ, ನನ್ನನ್ನು ತಬ್ಬಿಕೊಂಡ, ಕ್ಯಾಂಟೀನಿನ ಒಳಗೆ ಓಡಿ ಮೈಸೂರುಪಾಕಿನ ತಟ್ಟೆಯನ್ನೇ ಎತ್ತಿಕೊಂಡು ಬಂದ. ಎರಡನೇ ಲೆಕ್ಕ ಮಾರುತೇಶನ ಬಾಯಲ್ಲೇ ಉಳಿಯಿತು. ಅದೇನೆಂದು ನಾನಾದರೂ ಕೇಳಬಹುದಿತ್ತು, ಗಣಿತದ ಮೇಷ್ಟ್ರು. ಆದರೆ ಆಗ ನನ್ನ ಬಾಯಲ್ಲಿ ಮೈಸೂರುಪಾಕು ಇತ್ತು.

ಹನ್ನೊಂದನೇ ದಿನ ಮೊದಲ ಎಣ್ಣೆನೀರು. ಉಳಿದದ್ದು ಹತ್ತು ದಿನ.

ಮುರುಗೇಂದ್ರಪ್ಪ ನೂರು ಹಾಳೆಯ ನೋಟ್‌ಬುಕ್ ಕೊಂಡು, ಪೆನ್ನು ಕಿವಿಗೆ ಸಿಕ್ಕಿಸಿಕೊಂಡ. ಬಾಣಂತಿಗೆ ಎಷ್ಟು ಬಿಸಿನೀರು ಬೇಕು? ಇದನ್ನು ಸರಿಯಾಗಿ ಬಲ್ಲವಳು ಸೂರಮ್ಮಜ್ಜಿ ಒಬ್ಬಳೇ. ಸುತ್ತಿನ ಊರುಗಳ ಬಾಣಂತಿಯರಿಗೆಲ್ಲ ಐವತ್ತು ವರ್ಷದಿಂದ ನೀರು ಹಾಕುತ್ತಿರುವವಳು. ಆದರೆ ಅವಳು ಸಿದ್ದಾಪುರದಲ್ಲಿ ಇನ್ನೊಂದು ಬಾಣಂತನದ ಮೇಲಿದ್ದಳು, ಪವಿತ್ರಳ ಎಣ್ಣೆನೀರಿನ ದಿನಕ್ಕೇ ಬರುತ್ತೇನೆಂದು ಹೇಳಿ ಕಳಿಸಿದ್ದಳು. ಫೋನು ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿಲ್ಲ. ಹಾಗಾಗಿ ಅವನು ಬೀದಿಯನ್ನು ಕೇಳಲು ಹೊರಟ. ಎದುರಿಗಿದ್ದದ್ದರಿಂದ ಮೊದಲ ಮನೆ ನಮ್ಮದು.

"ಅಕ್ಕಾ, ನಿಮ್ಮ ಮಗಳ ಬಾಣಂತನದಾಗೆ ಒಂದು ಸಲಕ್ಕೆ ಎಷ್ಟು ಕೊಡ ಬಿಸಿನೀರು ಹಾಕ್ಸಿದ್ರಿ?"

ನನ್ನ ಹೆಂಡತಿ ಅನ್ನಪೂರ್ಣಮ್ಮ ಉತ್ತರ ಕೊಡುವ ಮೊದಲು ಪಕ್ಕಕ್ಕೆ ಒಮ್ಮೆ ನೋಡಿದಳು. ಪಕ್ಕದ ಮನೆಯ ಬೊಮ್ಮಲಿಂಗಪ್ಪನ ಹೆಂಡತಿ ಕಸಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪೊರಕೆ ಆಡುತ್ತಿರಲಿಲ್ಲ.

"ನಲವತ್ತೈದು," ಅಂದಳು ಅನ್ನಪೂರ್ಣಮ್ಮ.

ಆಗ ನೀರು ಸೇದಿ ತಂದವನು ನಾನು. ಆರು ಕೊಡಕ್ಕಿಂತ ಹೆಚ್ಚು ಸೇದಿದ ನೆನಪು ನನಗಿಲ್ಲ. ಬಾಯಿ ತೆರೆದೆ.

"ನೀವು ಸುಮ್ನಿರ್ರಿ. ನೀವು ಸ್ಕೂಲಿಗೆ ಹೋಗಿರ್ತಿದ್ರಿ."

ಮುರುಗೇಂದ್ರಪ್ಪ ಬರೆದುಕೊಂಡ. ಪೊರಕೆ ಕೆಳಗೆ ಬಿತ್ತು. "ಅಣ್ಣಾ, ನಮ್ಮದೂ ಬರ್ಕೊಳ್ರಿ. ಐವತ್ತು."

ನಮ್ಮ ಕಡೆಯ ಜನ ಬೇರೆ ಯಾವುದರಲ್ಲಿ ಬೇಕಾದರೂ ಕೈ ಬಿಗಿ ಹಿಡಿಯುತ್ತಾರೆ, ಬಾಣಂತಿಯ ನೀರಿನಲ್ಲಿ ಕೈ ಬಿಗಿ ಹಿಡಿದರು ಎಂದು ಅನ್ನಿಸಿಕೊಳ್ಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಲೆಕ್ಕ ಐವತ್ತೆಂಟಕ್ಕೆ ಏರಿತ್ತು. ಒಂದು ಮನೆಯಲ್ಲಿ ಅತ್ತೆ ಹಿರಿಸೊಸೆಗೆ ಅರವತ್ತು, ಕಿರಿಸೊಸೆಗೆ ಐವತ್ತೆರಡು ಎಂದು ಬಾಯಿ ತಪ್ಪಿ ಬರೆಸಿದರು. ಕಿರಿಸೊಸೆ ಒಲೆಯ ಮೇಲಿನ ಸಾರು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಮುರುಗೇಂದ್ರಪ್ಪ ತಕ್ಷಣ ಐವತ್ತೆರಡನ್ನು ಹೊಡೆದುಹಾಕಿ ಅರವತ್ತು ಎಂದು ತಿದ್ದಿದ. "ಒಂದು ಗೆರೆ ಎಳೆದ್ರೆ ಒಂದು ಮನೆ ಉಳಿತೈತೆ ಅಂದ್ರೆ ಯಾಕೆ ಎಳೀಬಾರ್ದು ಮೇಷ್ಟ್ರೇ?" ಎಂದು ನನ್ನನ್ನೇ ಕೇಳಿದ. ಇಂಥ ಮಾತಿಗೆ ಏನು ಉತ್ತರ ಕೊಡುತ್ತೀರಿ?

ಎರಡನೇ ದಿನ ಪಂಚಾಯ್ತಿಯಿಂದ ಕರೆ ಬಂತು. ಕರೆಯಲು ಬಂದವನು ನೀರು ಬಿಡುವ ಅಂಜಿನೇಯ, ಮುಖ ಊದಿಸಿಕೊಂಡಿದ್ದ. ಸಾಕ್ಷಿಗೆ ಇರಲಿ ಎಂದು ನಾನೂ ಹೋದೆ. ಪಿಡಿಒ ಕಿರಣ್‌ಕುಮಾರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು.

"ಏನ್ರೀ ಇದು? ಯಾರ ಪರ್ಮಿಷನ್ ತಗೊಂಡು ನೀರಿನ ಸರ್ವೆ ಮಾಡ್ತಿದ್ದೀರಿ? ಬೆಳಗ್ಗೆಯಿಂದ ಹನ್ನೊಂದು ಜನ ಹೆಂಗಸರು ಬಂದು ಹೋದ್ರು. ಬಾಣಂತಿಗೇ ಐವತ್ತು ಕೊಡ ಬೇಕು, ನೀವು ಬಿಡೋ ಒಂದು ಗಂಟೆ ನೀರು ಯಾವ ಮೂಲೆಗೆ ಅಂತ ಕೇಳ್ತಾರೆ. ನಾನೇನು ಉತ್ತರ ಕೊಡ್ಲಿ?"

ಮುರುಗೇಂದ್ರಪ್ಪ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಪಿಡಿಒ ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಅವರ ಮುಖದಲ್ಲಿದ್ದ ಸರ್ಕಾರ ನಿಧಾನಕ್ಕೆ ಎದ್ದು ಹೋಯಿತು.

"ಎಲ್ಲಕ್ಕಿಂತ ಹೆಚ್ಚು ಇದೇನಾ? ಅರವತ್ತು?"

"ಹೌದು ಸಾರ್."

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ನಂದು ಮೊಳಕಾಲ್ಮೂರು. ನನ್ನ ಹೆಂಡ್ತಿ ಬಾಣಂತನದಲ್ಲಿ ನಮ್ಮತ್ತೆ ಎಪ್ಪತ್ತು ಕೊಡ ಹಾಕ್ಸಿದ್ರು. ಬರ್ಕೊಳ್ಳಿ. ಹೆಸರಿನ ಮುಂದೆ ಪಿಡಿಒ ಅಂತ ಹಾಕ್ಬೇಡಿ."

ಮುಂದೆ ಮಾಡಿದ ಬಾಗಿಲಿನ ಸಂದಿಯಿಂದ ಅಂಜಿನೇಯನ ತಲೆ ಒಳಗೆ ಬಂತು. "ಸಾರ್, ನಮ್ಮದು..."

"ನಿಂದ್ಯಾರೋ ಕೇಳಿದ್ರು?"

ಹೊರಗೆ ಬಂದು ಪಂಚಾಯ್ತಿ ಕಟ್ಟೆಯ ಮೇಲೆ ಲೆಕ್ಕ ಮುಗಿಸಿದೆವು. ಸರ್ಕಾರಿ ಅಧಿಕಾರಿಯ ಮನೆಯ ಅಂಕಿಯನ್ನು ಕಡೆಗಣಿಸುವ ಹಾಗಿಲ್ಲ. ಎಪ್ಪತ್ತು ಕೊಡ, ಕೊಡಕ್ಕೆ ಹದಿನೈದು ಲೀಟರು. ಗುಣಾಕಾರ ನಾನೇ ಮಾಡಿದೆ. ಸಾವಿರದ ಐವತ್ತು. ಗುಣಾಕಾರ ಸರಿಯಾಗಿತ್ತು ಎಂದು ಇಂದಿಗೂ ಹೇಳಬಲ್ಲೆ.

ಚಳ್ಳಕೆರೆಯ ಅಂಗಡಿಯಲ್ಲಿ ಎರಡು ಸೈಜಿನ ಸ್ಟೀಲ್ ಟ್ಯಾಂಕುಗಳಿದ್ದವು. ಒಂದು ಇನ್ನೂರು ಲೀಟರು, ಇನ್ನೊಂದು ಸಾವಿರ. "ಮನೆಗಾದ್ರೆ ಇನ್ನೂರು ಸಾಕು ಸಾಹೇಬ್ರೇ" ಎಂದ ಅಂಗಡಿಯವನನ್ನು ಮುರುಗೇಂದ್ರಪ್ಪ ಕನಿಕರದಿಂದ ನೋಡಿದ. ಆಮೇಲೆ ಸಾವಿರದ ಟ್ಯಾಂಕನ್ನು ಮೂರು ಸುತ್ತು ಬಂದು, ನನ್ನನ್ನು ಪಕ್ಕಕ್ಕೆ ಕರೆದ.

"ಮೇಷ್ಟ್ರೇ, ಐವತ್ತು ಲೀಟರ್ ಕಮ್ಮಿ ಬೀಳ್ತೈತಲ್ಲ."

"ಹೊಂದಿಸ್ಕೊಳ್ಳಪ್ಪಾ."

"ನೀರಿಗೆ ಕೈ ಹಾಕಿ ನೋಡೋರು ಹೊಂದ್ಕೊಳ್ತಾರಾ?"

ಆ ಐವತ್ತು ಲೀಟರಿನ ಕೊರಗು ಟ್ಯಾಂಕಿನ ಜೊತೆಗೇ ಟ್ರ್ಯಾಕ್ಟರಿನಲ್ಲಿ ಊರಿಗೆ ಬಂತು. ಭಟ್ಟಿಯ ಪಕ್ಕದ ಕಟ್ಟೆಯ ಮೇಲೆ ಟ್ಯಾಂಕು ಕುಳಿತು ಬಿಸಿಲಿಗೆ ಹೊಳೆಯತೊಡಗಿದಾಗ, ಊರಿಗೆ ಹಾಲಿನ ಡೇರಿ ಬಂತು ಎಂದು ಸುದ್ದಿಯಾಯಿತು. ಸಂಜೆ ನಾಲ್ಕು ಜನ ಕ್ಯಾನು ಹಿಡಿದು ಬಂದು ರೇಟು ಕೇಳಿ ಹೋದರು. ಮರುದಿನ ಕೂರಿಸಲು ಬಂದ ಮಾರುತೇಶ ಮಾತ್ರ ಗೇಟಿನಲ್ಲೇ ನಿಂತುಬಿಟ್ಟ.

"ಅಣ್ಣಾ, ಇದು ಮನೆಗೋ, ಹಾಸ್ಟೆಲ್ಲಿಗೋ? ನಿಮ್ಮ ಭಟ್ಟಿ ಸೈಜಿಗೆ..."

"ಐವತ್ತು ಲೀಟರ್ ಕಮ್ಮಿ ಐತೆ ಅಂತ ನನಗೂ ಗೊತ್ತು ಮಾರುತೇಶ. ಮೊದಲೇ ಮನಸ್ಸಿಗೆ ಹತ್ತಿಸ್ಕೊಂಡಿದೀನಿ. ನೀನೂ ಚುಚ್ಚಬ್ಯಾಡ."

ಮಾರುತೇಶ ನನ್ನ ಮುಖ ನೋಡಿದ. ನಾನು ಹೊಗೆಗೂಡು ನೋಡಿದೆ. ಅವನು ಬ್ಯಾಗು ಬಿಚ್ಚಿ ಕೆಲಸ ಶುರು ಮಾಡಿದ. ಹೊಗೆಗೂಡಿನಲ್ಲಿ ಪೈಪು ಸುತ್ತಿದ, ಟ್ಯಾಂಕಿನ ತಳದಲ್ಲಿ ತಾಮ್ರದ ಸುರುಳಿ ಇಟ್ಟ, ಸುರುಳಿಗಿಂತ ಒಂದು ಗೇಣು ಮೇಲೆ ನಲ್ಲಿ ಹಾಕಿದ. ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ, "ಎರಡನೇ ಲೆಕ್ಕ ಯಾವಾಗಾದ್ರೂ ಬಿಡುವಾದಾಗ ಕೇಳ್ರಣ್ಣ," ಎಂದು ಹೇಳಿ ಹೋದ.

ಹನ್ನೊಂದನೇ ದಿನ ಬಂತು. ಹಿಂದಿನ ಸಂಜೆಯೇ ಅಂಜಿನೇಯ ಪಿಡಿಒ ಅವರ ಬಾಯಿಮಾತಿನ ಆದೇಶದ ಮೇಲೆ ಒಂದು ಗಂಟೆ ಹೆಚ್ಚು ನೀರು ಬಿಟ್ಟು ಟ್ಯಾಂಕು ತುಂಬಿಸಿಕೊಟ್ಟಿದ್ದ. ಪವಿತ್ರ ಮಗುವಿನ ಜೊತೆ ಐದು ದಿನದ ಹಿಂದೆಯೇ ತವರಿಗೆ ಬಂದಿದ್ದಳು. ಮುರುಗೇಂದ್ರಪ್ಪ ನಾಲ್ಕಕ್ಕೆ ಭಟ್ಟಿ ಹೊತ್ತಿಸಿದ. ಎಂಟರ ಹೊತ್ತಿಗೆ ಬೀದಿಯೆಲ್ಲ ಅವನ ಅಂಗಳದಲ್ಲಿತ್ತು. ಬರದೆ ಹೇಗೆ? ಪ್ರತಿಯೊಬ್ಬರ ಅಂಕಿಯೂ ಆ ಟ್ಯಾಂಕಿನೊಳಗಿತ್ತು.

ಎಂಟೂಕಾಲಿಗೆ ಚಳ್ಳಕೆರೆಯ ಕಾರು ಬಂದು ನಿಂತಿತು. ಕಾರು ನಡೆಸಿಕೊಂಡು ಬಂದಿದ್ದ ಮಲ್ಲಿಕ್ ಹಿಂದಿನಿಂದ ಒಂದು ದೊಡ್ಡ ಸೂಟ್‌ಕೇಸ್ ಇಳಿಸಿ ಜಗುಲಿಯ ಮೇಲಿಟ್ಟ. ಎತ್ತಿದ ರೀತಿಯಲ್ಲೇ ಅದು ಖಾಲಿ ಎಂದು ಗೊತ್ತಾಗುತ್ತಿತ್ತು. ಪವಿತ್ರಳ ಬಟ್ಟೆ ತುಂಬಿಕೊಂಡು ಹೋಗಲು ತಂದದ್ದು. ಲಕ್ಷ್ಮೀದೇವಿ ಅದನ್ನು ನೋಡಿಯೂ ನೋಡದವಳಂತೆ ಬೀಗಿತ್ತಿಯ ಕೈಗೆ ಕಾಫಿ ಲೋಟ ಕೊಟ್ಟಳು.

ಮುರುಗೇಂದ್ರಪ್ಪ ನಲ್ಲಿ ತಿರುಗಿಸಿದ. ನೀರು ಧಾರಾಳವಾಗಿ ಬಂತು. ಹಬೆ ಬರಲಿಲ್ಲ. ಬೆರಳು ಇಟ್ಟ. ಇನ್ನೊಂದು ಬೆರಳು ಇಟ್ಟ. ಆಮೇಲೆ ಇಡೀ ಕೈ ಒಳಗೆ ಹಾಕಿದ. ನಾಲ್ಕು ಗಂಟೆ ಉರಿದ ಭಟ್ಟಿಯ ಬಿಸಿಯೆಲ್ಲ ಸಾವಿರ ಲೀಟರಿಗೆ ಹಂಚಿಹೋಗಿತ್ತು. ನೀರು ಬಿಸಿಲಲ್ಲಿಟ್ಟ ಬಕೀಟಿನ ಹಾಗೆ ಬೆಚ್ಚಗಿತ್ತು, ಅಷ್ಟೇ. ಲಕ್ಷ್ಮೀದೇವಿಯೂ ಬಂದು ಕೈ ಅದ್ದಿ ನೋಡಿದಳು. ಹಂಡೆಯ ಮಾತು ಎತ್ತಲಿಲ್ಲ. ಅವಳು ಎತ್ತದೇ ಇದ್ದದ್ದು ನೋಡಿ ನನಗೆ ನಿಜವಾಗಿ ಭಯವಾಯಿತು.

ಒಳಗಿನಿಂದ ಪವಿತ್ರಳ ದನಿ ಕೇಳಿಸಿತು. ತಲೆಗೆ ಮೈಗೆ ಎಣ್ಣೆ ಹಚ್ಚಿಸಿಕೊಂಡು ಕಾದು ಕುಳಿತಿದ್ದಳು. "ಅಪ್ಪಾ, ನೀರು ಕಾದೈತಾ?"

ಮುರುಗೇಂದ್ರಪ್ಪ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. ಆ ಗಳಿಗೆಯಲ್ಲಿ ಅವನನ್ನು ನೋಡಲು ನನ್ನಿಂದ ಆಗಲಿಲ್ಲ.

"ಕಾಫಿ ಮುಗೀಲಿ, ಬಂದು ನೋಡ್ತೀನಿ," ಅಂದರು ಜಗುಲಿಯಿಂದ ದ್ರಾಕ್ಷಾಯಣಮ್ಮ.

ಕಾಫಿ ಅರ್ಧ ಲೋಟ ಉಳಿದಿದ್ದಾಗ ಸಿದ್ದಾಪುರದ ಕಡೆಯಿಂದ ಬರುವ ಬಸ್ಸಿನಲ್ಲಿ ಸೂರಮ್ಮಜ್ಜಿ ಬಂದಿಳಿದಳು. ಎಂಬತ್ತರ ಹತ್ತಿರ ವಯಸ್ಸು, ಸೊಂಟದಲ್ಲಿ ಎಲೆ ಅಡಿಕೆ ಚೀಲ, ಬಾಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಅಂಗಳದ ಜನ ದಾರಿ ಬಿಟ್ಟರು. ಅವಳು ಟ್ಯಾಂಕನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಏಮಿರಾ ಇದಿ? ಎಷ್ಟು ನೀರೈತೆ ಇದ್ರಾಗೆ?"

"ಎಪ್ಪತ್ತು ಕೊಡ ಅಜ್ಜಿ," ಅಂದ ಮುರುಗೇಂದ್ರಪ್ಪ. ಸುಳ್ಳು ಹೇಳಲು ಮನಸ್ಸಾಗದೆ, "ಮೂರು ಕೊಡ ಕಮ್ಮಿ," ಎಂದು ಸೇರಿಸಿದ.

"ಎಷ್ಟು ಜನ ಬಾಣಂತೇರು?"

"ಪವಿತ್ರ ಒಬ್ಳೇ."

"ಅವಳಿಗೆ ನೀರು ಹಾಕ್ಬೇಕಾ, ಈಜು ಕಲಿಸ್ಬೇಕಾ?" ಎಂದು ಸೂರಮ್ಮಜ್ಜಿ ಎಲೆಯ ರಸ ಉಗಿದು ಬಂದಳು. "ಐದು ಕೊಡ ಸಾಕು ಕಣಪ್ಪಾ. ಆದ್ರೆ ಕೈ ಸುಡ್ಬೇಕು. ನೀನು ಹುಟ್ಟಿದಾಗ ನಿಮ್ಮವ್ವಂಗೆ ಹಾಕಿದ್ದೂ ಐದೇ. ನಿನ್ನ ಹೆಂಡ್ತಿಗೂ ಐದೇ. ಈ ಬೀದೀಲಿ ಎಲ್ಲಾರ ಮನೆ ಬಾಣಂತೇರ್ಗೂ ನೀರು ಹಾಕಿರೋಳು ನಾನೇ ಅಲ್ವಾ? ಐದು ಕೊಡದ ಮೇಲೆ ಯಾರಿಗೂ ಹಾಕಿಲ್ಲ."

ಅನ್ನಪೂರ್ಣಮ್ಮ ತನ್ನ ಸೀರೆಯ ಅಂಚಿನ ನೇಯ್ಗೆಯನ್ನು ಬಹಳ ಹತ್ತಿರದಿಂದ ಪರೀಕ್ಷೆ ಮಾಡತೊಡಗಿದಳು. ಬೊಮ್ಮಲಿಂಗಪ್ಪನ ಹೆಂಡತಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಆದರೆ ಅವಳೂ ಅಲ್ಲಿಂದ ಕದಲಲಿಲ್ಲ.

"ಒಂದು ಒಲೆ ಉರಿಗೆ ಒಂದು ಕೆರೆ ನೀರು ಇಟ್ಟರೆ ಯಾವಾಗ ಕಾಯೋದು? ಆ ತಾಮ್ರ ಮುಳುಗೋಷ್ಟು ಬಿಟ್ಟು ಮಿಕ್ಕಿದ್ದೆಲ್ಲ ತೆಗಿ. ಬೆಂಕಿ ದೊಡ್ಡದು ಮಾಡು."

ಮಾರುತೇಶ ಹೇಳಲು ಹೊರಟು ಹೊರಟು ಬಾಯಲ್ಲೇ ಉಳಿಸಿಕೊಂಡಿದ್ದ ಎರಡನೇ ಲೆಕ್ಕ ಇದೇ ಎಂದು ನನಗೆ ಆಗ ತಿಳಿಯಿತು. ಎಷ್ಟು ನೀರು ಬೇಕು ಎಂಬುದು ಒಂದು, ನಮ್ಮ ಬೆಂಕಿ ಎಷ್ಟು ನೀರನ್ನು ಕಾಯಿಸಬಲ್ಲದು ಎಂಬುದು ಇನ್ನೊಂದು. ಬಿ.ಎಸ್ಸಿ. ಓದಿದ ನಾನು ಕೇಳದೇ ಬಿಟ್ಟದ್ದನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಬಸ್ಸಿನಿಂದ ಇಳಿದ ಐದು ನಿಮಿಷದಲ್ಲಿ ಹೇಳಿಬಿಟ್ಟಿದ್ದಳು.

ತೆಗೆ ಎಂದರೆ ತೆಗೆಯುವುದು ಎಲ್ಲಿಗೆ? ಬಿ.ಜಿ. ಕೆರೆಯಲ್ಲಿ ತಾಮ್ರ ಮುಳುಗಲು ಹತ್ತು ಕೊಡ ಬಿಟ್ಟು ಮಿಕ್ಕ ಐವತ್ತೇಳು ಕೊಡ ನೀರನ್ನು ಚರಂಡಿಗೆ ಬಿಡುವ ಕೈ ಇನ್ನೂ ಹುಟ್ಟಿಲ್ಲ. ಮುರುಗೇಂದ್ರಪ್ಪ ಕಿವಿಯ ಪೆನ್ನು ತೆಗೆದು ನೋಟ್‌ಬುಕ್ ಬಿಚ್ಚಿದ.

"ಒಂದನೇ ಹೆಸರು, ಅನ್ನಪೂರ್ಣಮ್ಮ. ನಲವತ್ತೈದು ಕೊಡ. ಅಕ್ಕಾ, ಬರ್ರಿ, ಒಯ್ಯಿರಿ."

ಅವನ ಮುಖವನ್ನು ನಾನು ಚೆನ್ನಾಗಿ ನೋಡಿದೆ. ಕೊಂಕಿಲ್ಲ, ಚೇಷ್ಟೆ ಇಲ್ಲ. ಅಜ್ಜಿಗೆ ವಯಸ್ಸಾಗಿ ಲೆಕ್ಕ ಮರೆತಿದೆ ಎಂದೇ ಅವನು ತಿಳಿದಿದ್ದ. ನೆರೆಯವರು ಬಾಯಿಬಿಟ್ಟು ಬರೆಸಿದ ಮಾತು ಸುಳ್ಳಿರಬಹುದು ಎಂಬ ಅನುಮಾನ ಅವನ ಹತ್ತಿರವೂ ಸುಳಿದಿರಲಿಲ್ಲ. ನಮ್ಮ ಮನೆಗೆ ಅಷ್ಟು ನೀರು ಬೇಕು, ಇಲ್ಲಿ ಅಷ್ಟು ನೀರು ಮಿಕ್ಕಿದೆ, ಕೊಟ್ಟರೆ ನಮಗೂ ಅನುಕೂಲ ಎಂದು ಮನಃಪೂರ್ವಕವಾಗಿ ಕರೆಯುತ್ತಿದ್ದ. ಇಂಥವನನ್ನು ಮೆಚ್ಚದೆ ಇನ್ನೇನು ಮಾಡುವುದು?

ಬೇಡ ಎಂದರೆ ನಲವತ್ತೈದು ಸುಳ್ಳಾಗುತ್ತದೆ. ಪಕ್ಕದಲ್ಲೇ ಬೊಮ್ಮಲಿಂಗಪ್ಪನ ಹೆಂಡತಿ. ಅನ್ನಪೂರ್ಣಮ್ಮ ಸೀರೆಯ ಅಂಚನ್ನು ಬಿಟ್ಟು ತಲೆ ಎತ್ತಿದಳು.

"ಏನು ನೋಡ್ತಾ ನಿಂತಿದ್ದೀರಿ? ಕೊಡ ತಗೊಂಡು ಬರ್ರಿ," ಎಂದಳು. ನನಗೆ.

ಹೀಗೆ ಬಿ.ಜಿ. ಕೆರೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಪಂಚೆ ಮೇಲಕ್ಕೆ ಕಟ್ಟಿ ನಲವತ್ತೈದು ಕೊಡ ನೀರನ್ನು ಬೀದಿ ದಾಟಿಸಿದ್ದಾಯಿತು. ಹತ್ತು ಕೊಡಕ್ಕೆ ಡ್ರಮ್ಮು ತುಂಬಿತು. ಇಪ್ಪತ್ತಕ್ಕೆ ಬಕೀಟುಗಳು, ಮೂವತ್ತಕ್ಕೆ ಅಡುಗೆಮನೆಯ ಪಾತ್ರೆಗಳು, ನಲವತ್ತರ ಹೊತ್ತಿಗೆ ದೇವರ ಮುಂದಿನ ತಂಬಿಗೆ. ದಾರಿಯಲ್ಲಿ ನನ್ನ ಮೂವರು ವಿದ್ಯಾರ್ಥಿಗಳು ನಿಂತು ಎಣಿಸುತ್ತಿದ್ದರು. ಎಣಿಕೆ ತಪ್ಪಿಲ್ಲದಂತೆ ಬರುತ್ತಿದ್ದದ್ದರಿಂದ ಗದರಿಸಲೂ ಆಗಲಿಲ್ಲ. ಉಳಿದ ಹನ್ನೆರಡು ಕೊಡಕ್ಕೆ ಬೊಮ್ಮಲಿಂಗಪ್ಪನ ಹೆಂಡತಿಯ ಸರದಿ. "ನಮ್ಮದು ಐವತ್ತು, ಬಂದದ್ದು ಹನ್ನೆರಡೇನಾ?" ಎಂದು ಅವಳು ಜಗಳ ತೆಗೆದಳೇ ಹೊರತು, ಹೊರುತ್ತಿದ್ದ ಬೊಮ್ಮಲಿಂಗಪ್ಪ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಪಿಡಿಒ ಕಿರಣ್‌ಕುಮಾರ್ ತಮ್ಮ ಎಪ್ಪತ್ತು ಕೊಡ ಹೇಗೆ ಕೆಲಸ ಮಾಡುತ್ತಿದೆ ನೋಡಲು ಬೈಕಿನಲ್ಲಿ ಬಂದರು. "ಸಾರ್, ನಿಮ್ಮ ಹೆಸರೂ ಐತೆ, ನಿಲ್ರಿ" ಎಂದು ಮುರುಗೇಂದ್ರಪ್ಪ ಹಾಳೆ ತಿರುವಿದ. ಅವರು ಕಾಲು ನೆಲಕ್ಕೆ ಊರದೆಯೇ ಬೈಕು ತಿರುಗಿಸಿದರು.

ಜಗುಲಿಯ ಮೇಲೆ ದ್ರಾಕ್ಷಾಯಣಮ್ಮ ಖಾಲಿ ಲೋಟ ಹಿಡಿದು ಈ ಮೆರವಣಿಗೆಯನ್ನೇ ನೋಡುತ್ತಿದ್ದರು. "ಏನಿದು? ಎಲ್ಲಿಗೆ ಒಯ್ತಿದಾರೆ ಇಷ್ಟು ನೀರು?"

ಲಕ್ಷ್ಮೀದೇವಿ ಗಂಡನ ಕಡೆ ನೋಡಿದಳು. ಅವನು ತಲೆಗೆ ಟವಲ್ ಸುತ್ತಿಕೊಂಡು ಭಟ್ಟಿಯ ಬಾಯಿಗೆ ಬುಟ್ಟಿಗಟ್ಟಲೆ ಸಿಪ್ಪೆ ಸುರಿಯುತ್ತಿದ್ದ. ಬೆವರಿಗೋ ಇನ್ನೊಂದಕ್ಕೋ ಮುಖವೆಲ್ಲ ಒದ್ದೆ. ಈ ಸಲ ಅವಳ ನೋಟ ಹಂಡೆಯ ನೋಟವಾಗಿರಲಿಲ್ಲ.

"ನಮ್ಮ ಯಜಮಾನ್ರು ಮಾಡ್ಸಿದ್ದಲ್ವಾ ಅಕ್ಕಾರೇ," ಎಂದಳು ಸಲೀಸಾಗಿ. "ಬೀದೀಗೆಲ್ಲ ಇಲ್ಲಿಂದ್ಲೇ ನೀರು ಹೋಗೋದು. ಮನೆಯೋರ್ದು ಕೊನೇಲಿ. ಇನ್ನೊಂದು ಲೋಟ ಕಾಫಿ ತರ್ತೀನಿ, ತಡೀರಿ."

"ಇಡೀ ಬೀದಿಗಾ!" ದ್ರಾಕ್ಷಾಯಣಮ್ಮ ಲೋಟ ಕೆಳಗಿಟ್ಟರು. ಅವರ ಮಾಳಿಗೆಯ ಸೋಲಾರಿನಿಂದ ಪಕ್ಕದ ಮನೆಗೂ ಒಂದು ಚೊಂಬು ಹೋದದ್ದಿಲ್ಲ.

ಎರಡನೇ ಕಾಫಿ ಮುಗಿದು, ಎಲೆ ಅಡಿಕೆಯೂ ಮುಗಿಯುವಷ್ಟರಲ್ಲಿ ಟ್ಯಾಂಕಿನ ಮುಚ್ಚಳದ ಅಂಚಿನಿಂದ ಹಬೆ ಏಳತೊಡಗಿತು. ಸೂರಮ್ಮಜ್ಜಿ ಮುಚ್ಚಳ ಸರಿಸಿ ಒಳಗೆ ಬಗ್ಗಿ ನೋಡಿದಳು. ತಳದಲ್ಲಿ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. "ನಿಮ್ಮಜ್ಜಿ ಹಂಡೆ ಎಲ್ಲಿ ಹೋತು ಅಂತಿದ್ದೆ. ಇಲ್ಲಿ ಬಂದು ಕೂತೈತೆ ನೋಡು," ಎಂದು ನಕ್ಕಳು. ಲಕ್ಷ್ಮೀದೇವಿಯೂ ಬಗ್ಗಿ ನೋಡಿದಳು.

ದ್ರಾಕ್ಷಾಯಣಮ್ಮ ಬಳೆ ಹಿಂದಕ್ಕೆ ಸರಿಸಿ, ಮೊಗೆದಿಟ್ಟ ಮೊದಲ ಕೊಡಕ್ಕೆ ಕೈ ಹಾಕಿದರು. ಹಾಕಿದಷ್ಟೇ ಬೇಗ ತೆಗೆದರು. "ಅಯ್ಯಯ್ಯಪ್ಪಾ!" ಎಂದು ಬೆರಳುಗಳನ್ನು ಬಾಯಿಗೆ ತಂದು ಊದಿಕೊಂಡರು. ಅಂಗಳದಲ್ಲಿ ಯಾರೋ ಚಪ್ಪಾಳೆ ಹೊಡೆದರು, ಅಂಜಿನೇಯ ಇರಬೇಕು.

ಬಚ್ಚಲಿನಿಂದ ನೀರು ಸುರಿಯುವ ಸದ್ದು ಬಂತು, ಸೀಗೆಯ ವಾಸನೆ ಬಂತು, ಸೂರಮ್ಮಜ್ಜಿಯ ತೆಲುಗು ಬೈಗುಳ ಬಂತು. ಅದರ ನಡುವೆ ಪವಿತ್ರ, "ಅಪ್ಪಾ, ಎಷ್ಟು ಹಾಯಾಗೈತೆ," ಎಂದು ಕೂಗಿದಳು. ಮುರುಗೇಂದ್ರಪ್ಪ ಭಟ್ಟಿಯ ಕಡೆ ಮುಖ ತಿರುಗಿಸಿ ಟವಲಿನಿಂದ ಕಣ್ಣು ಒರೆಸಿಕೊಂಡು, "ಹೊಗೆ ಮೇಷ್ಟ್ರೇ," ಅಂದ. ಹೊಗೆ ಇನ್ನೊಂದು ಕಡೆಗೆ ಹೋಗುತ್ತಿತ್ತು.

ಸೂರಮ್ಮಜ್ಜಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ದ್ರಾಕ್ಷಾಯಣಮ್ಮ ಬಚ್ಚಲ ಬಾಗಿಲಿನ ಹತ್ತಿರವೇ ನಿಂತಿದ್ದರು.

"ನೀರು ಇನ್ನೂ ಮಿಕ್ಕೈತೇನು ಅಜ್ಜಿ?"

"ಇನ್ನೊಂದು ಐದು ಕೊಡ ಐತೆ."

ದ್ರಾಕ್ಷಾಯಣಮ್ಮ ದನಿ ಇಳಿಸಿದರು. ಎಣ್ಣೆ ಮಿಲ್ಲಿನ ಯಜಮಾನಿಗೆ ಅಷ್ಟು ಸಣ್ಣ ದನಿ ಇದೆ ಎಂದು ನಮಗೆ ಗೊತ್ತಿರಲಿಲ್ಲ. "ಮೂವತ್ತು ವರ್ಷದ ಹಿಂದಿನ ಬಾಣಂತನದ್ದು. ಈಗ ಹಾಕಿದ್ರೆ ಏನಾದ್ರೂ ಆಗ್ತೈತಾ?"

ಸೂರಮ್ಮಜ್ಜಿ ಅವರ ಮುಖವನ್ನೂ ಸೊಂಟವನ್ನೂ ನೋಡಿದಳು. "ಸೊಂಟಕ್ಕೆ ವರ್ಷದ ಲೆಕ್ಕ ಎಲ್ಲಿ ಗೊತ್ತಾಗ್ತೈತೆ ತಾಯಿ? ಬಾ ಒಳಗೆ."

ಒಂದು ಗಂಟೆಯ ಮೇಲೆ ದ್ರಾಕ್ಷಾಯಣಮ್ಮ ಲಕ್ಷ್ಮೀದೇವಿಯ ಸೀರೆ ಉಟ್ಟು, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯ ನಡುವೆ ಸೊಸೆಯ ಪಕ್ಕದಲ್ಲಿ ಇನ್ನೊಬ್ಬ ಬಾಣಂತಿಯಂತೆ ಕುಳಿತಿದ್ದರು. ಮೊಮ್ಮಗಳು ನಿದ್ದೆಯಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಅವರು ಮಗನನ್ನು ಕೂಗಿದರು.

"ಮಲ್ಲಿಕ್, ಆ ಸೂಟ್‌ಕೇಸ್ ತಗೊಂಡು ಊರಿಗೆ ಹೋಗು."

"ಪವಿತ್ರನ ಬಟ್ಟೆ ತುಂಬ್ಲಿಲ್ಲವಲ್ಲ ಅವ್ವ?"

"ಅವಳ ಬಟ್ಟೆ ಯಾಕೆ? ನಂದು ಆರು ಸೀರೆ ತುಂಬ್ಕೊಂಡು ಬಾ."

ಸಂಜೆ ನಾನು ಚಾಪೆಯ ಮೇಲೆ ಬೋರಲು ಮಲಗಿದ್ದೆ. ಅನ್ನಪೂರ್ಣಮ್ಮ ನನ್ನ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮುರುಗೇಂದ್ರಪ್ಪ ನೋಟ್‌ಬುಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. ಹೊಸ ಹಾಳೆಯಲ್ಲಿ ಬರೆದಿದ್ದ. ಪವಿತ್ರ, ಐದು ಕೊಡ. ಬೀಗಿತ್ತಿ, ಐದು ಕೊಡ.

"ಬೀಗಿತ್ತಿ ಒಂದು ತಿಂಗಳು ಇರ್ತಾರಂತೆ ಮೇಷ್ಟ್ರೇ. ಅವರ ತಂಗಿಗೂ ಸೊಂಟ ನೋವಂತೆ, ನಾಳೆ ಅವರೂ ಬರ್ತಾರಂತೆ." ಅವನ ಮುಖದಲ್ಲಿ ಸಂತೋಷ ತುಂಬಿತ್ತು, ಆದರೆ ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಕೊರಗು ಹಾಗೇ ಇತ್ತು. "ನೀವು ಗುಣಿಸಿ ಹೇಳಿದ್ದು ಸಾವಿರದ ಐವತ್ತು. ನಾವು ಆ ಐವತ್ತು ಲೀಟರ್ ಬಿಡಬಾರ್ದಿತ್ತು."

ನನ್ನ ಹೆಗಲ ಮೇಲೆ ಅನ್ನಪೂರ್ಣಮ್ಮನ ಕೈ ನಿಂತಿತು. ನಾನು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ. ಐವತ್ತು ಲೀಟರ್ ಅಂದರೆ ಮೂರು ಕೊಡ, ಮೇಲೆ ಇನ್ನೊಂದು ಸಣ್ಣ ಬಿಂದಿಗೆ. ಬೊಮ್ಮಲಿಂಗಪ್ಪನ ಹೆಗಲಿಗೆ ಅಷ್ಟಾದರೂ ತಪ್ಪಿತ್ತು.

"ದೇವರು ದೊಡ್ಡವನು ಮುರುಗೇಂದ್ರಪ್ಪ," ಅಂದೆ.